ಎಕ್ಸಿಲೇಟರ್ ಬಿಟ್ಟರೆ ಗರ್ನಲ್: ಸೈಲೆನ್ಸರ್ ಬದಲಿಸಿದ ಮೇಲೆ ಬೈಕಿನ ಪಟಪಟ ನಿಲ್ಲಿಸುವುದು ಹೇಗೆ?

ಕೂಳೂರು ಸೇತುವೆ ಇಳಿಯುವಾಗ ಎಕ್ಸಿಲೇಟರ್ ಬಿಟ್ಟೆ. ಹಿಂದಿನಿಂದ ಪಟ್, ಪಟ್, ಪಟಪಟ, ಕೊನೆಗೆ ನಮ್ಮ ಕಡೆ ಗರ್ನಲ್ ಅನ್ನುವ ದೊಡ್ಡ ಪಟಾಕಿಯ ಹಾಗೆ ಒಂದು ಢಬ್! ಪಕ್ಕದಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ಹೆಂಗಸು ಬೆಚ್ಚಿ ಎಡಕ್ಕೆ ವಾಲಿದರು. ಬೀಳಲಿಲ್ಲ, ಪುಣ್ಯ. ಅವರು ತಿರುಗಿ ನೋಡಿದ ನೋಟ ಮಾತ್ರ ಇವತ್ತಿಗೂ ನೆನಪುಂಟು.

ಹೊಸ ಸೈಲೆನ್ಸರ್ ಹಾಕಿಸಿ ಆಗ ನಾಲ್ಕೇ ದಿನ. ಗಾಡಿ 350 ಸಿಸಿಯ ಹಳೇ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನಿಗೆ ಕೊಡುವ ಭಾಗ) ಮಾಡೆಲ್. ಕಾಪುವಿನಿಂದ ಮಂಗಳೂರಿಗೆ ದಿನಾ ಓಡಾಟ. ಸೈಲೆನ್ಸರ್ ಹಾಕಿದವರು "ಹೊಸತಲ್ವಾ, ಸೆಟ್ ಆಗ್ಬೇಕು, ಒಂದು 500 ಕಿಲೋಮೀಟರ್ ಓಡಿಸಿ" ಅಂದರು. ಓಡಿಸಿದೆ. ಸೆಟ್ ಆಗಲಿಲ್ಲ. ಇನ್ನೊಬ್ಬರು ಜೆಟ್, ಅಂದರೆ ಕಾರ್ಬೊರೇಟರಿನೊಳಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು, ಬದಲಿಸಿ ಅಂದರು. ಬದಲಿಸಿದೆ, ಅದೂ ಎರಡು ಸಲ. ಮೂರನೆಯವರು ಪ್ಲಗ್ ಮೇಲೆ ಗುಮಾನಿ ಪಟ್ಟರು. ಒಂದೂವರೆ ತಿಂಗಳು ಹೀಗೇ ಹೋಯಿತು. ಕೊನೆಗೆ ಸಿಕ್ಕಿದ ತಪ್ಪು ಒಂದು ಮೀನೂಟಕ್ಕಿಂತ ಕಡಿಮೆ ಬೆಲೆಯದ್ದು.

ಅದೆಲ್ಲಿ ಸಿಕ್ಕಿತು ಅಂತ ಮುಂದೆ ಹೇಳುತ್ತೇನೆ. ನಾನು ಮಾಡಿದ್ದು ಪೂರ್ತಿ ಉಲ್ಟಾ ಕ್ರಮ. ಯಾವ ಕ್ರಮದಲ್ಲಿ ಮಾಡಬೇಕಿತ್ತೋ ಹಾಗೆ ಇಲ್ಲಿ ಬರೆದಿದ್ದೇನೆ: ಕಡಿಮೆ ಖರ್ಚಿನ ಕೆಲಸ ಮೊದಲು, ಜೆಟ್ಟು ಗಿಟ್ಟು ಆಮೇಲೆ.

ಈ ಶಬ್ದ ಹುಟ್ಟುವುದೆಲ್ಲಿ?

ಸೈಲೆನ್ಸರಿನೊಳಗೆ ಪಟಾಕಿ ಹೊಡೆಯಬೇಕಾದರೆ ಮೂರು ಸಾಮಾನು ಬೇಕು. ಸುಡದೆ ಉಳಿದ ಪೆಟ್ರೋಲ್, ಹೊಸ ಗಾಳಿ, ಬಿಸಿ. ಬಿಸಿ ಹೇಗೂ ಉಂಟು. ಓಡುವ ಗಾಡಿಯಲ್ಲಿ ಎಂಜಿನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪ್ ನೂರಾರು ಡಿಗ್ರಿ ಕಾದಿರುತ್ತದೆ. ಉಳಿದ ಎರಡು ಎಲ್ಲಿಂದ ಬಂದವು ಅನ್ನುವುದಷ್ಟೇ ಪ್ರಶ್ನೆ.

ಸ್ಪೀಡಿನಲ್ಲಿದ್ದಾಗ ಎಕ್ಸಿಲೇಟರ್ ಪೂರ್ತಿ ಬಿಟ್ಟರೆ ಚಕ್ರವೇ ಎಂಜಿನನ್ನು ಎಳೆದು ತಿರುಗಿಸುತ್ತದೆ. ಕಾರ್ಬೊರೇಟರಿನ ಬಾಯಿ ಮುಚ್ಚಿದೆ. ಒಳಗೆ ಹೋಗುವ ಗಾಳಿಯೂ ಕಮ್ಮಿ, ಪೆಟ್ರೋಲೂ ಕಮ್ಮಿ. ಮಿಶ್ರಣ ಎಷ್ಟು ತೆಳುವಾಗುತ್ತದೆ ಅಂದರೆ ಪ್ಲಗ್ ಕಿಡಿ ಕೊಟ್ಟರೂ ಒಂದೊಂದು ಸಲ ಹೊತ್ತಿಕೊಳ್ಳುವುದಿಲ್ಲ. ಹೊತ್ತದೆ ಉಳಿದ ಪೆಟ್ರೋಲ್ ಹಾಗೇ ಪೈಪಿಗೆ ದಾಟುತ್ತದೆ. ಅಲ್ಲಿ ಗಾಳಿ ಸಿಕ್ಕಿತೋ, ಪಟ್!

ಇದು ಕಂಪನಿ ಸೈಲೆನ್ಸರಿನಲ್ಲೂ ಅಲ್ಪಸ್ವಲ್ಪ ನಡೆಯುತ್ತದೆ. ಅದರೊಳಗಿನ ಕೋಣೆಗಳು, ತೂತಿನ ತಟ್ಟೆಗಳು ಶಬ್ದವನ್ನು ನುಂಗಿಬಿಡುತ್ತವೆ. ನಾನು ಹಾಕಿಸಿದಂಥ, ಹೊಗೆಗೆ ತಡೆ ಕಮ್ಮಿ ಇರುವ ಫ್ರೀ ಫ್ಲೋ ಸೈಲೆನ್ಸರಿಗೆ ನುಂಗುವ ಹೊಟ್ಟೆಯೇ ಇಲ್ಲ. ಜೊತೆಗೆ ಹೊಗೆ ಸಲೀಸಾಗಿ ಹೊರಗೆ ಹೋಗುವುದರಿಂದ ಎಂಜಿನ್ ಜಾಸ್ತಿ ಗಾಳಿ ಎಳೆಯುತ್ತದೆ. ಪೆಟ್ರೋಲ್ ಅಷ್ಟೇ, ಗಾಳಿ ಜಾಸ್ತಿ. ಗ್ಯಾರೇಜಿನಲ್ಲಿ 'ಲೀನ್ ಆಗಿದೆ' ಅನ್ನುವುದು ಇದಕ್ಕೇ.

ಎಲ್ಲರೂ ಇದನ್ನು ಬ್ಯಾಕ್‌ಫೈರ್ ಅನ್ನುತ್ತಾರೆ. ಸರಿಯಾದ ಹೆಸರು ಆಫ್ಟರ್‌ಫೈರ್. ಕಾರ್ಬೊರೇಟರ್ ಕಡೆಯಿಂದ, ಸೀಟಿನ ಕೆಳಗೆ ಯಾರೋ ಕೆಮ್ಮಿದ ಹಾಗೆ ಶಬ್ದ ಬಂದರೆ ಅದು ನಿಜವಾದ ಬ್ಯಾಕ್‌ಫೈರ್. ಆಗ ಕಿಡಿ ಬೀಳುವ ಟೈಮಿಂಗ್, ವಾಲ್ವ್ ನೋಡಬೇಕು. ನಮ್ಮ ವಿಷಯ ಹಿಂದಿನ ಬಾಗಿಲಿನದ್ದು.

ಮೊದಲು ಕಿವಿ, ಆಮೇಲೆ ಸ್ಪ್ಯಾನರ್

ನಾನು ಶಬ್ದವನ್ನು ಮೂರು ಜಾತಿ ಮಾಡಿಕೊಂಡಿದ್ದೇನೆ. ಪುಸ್ತಕದ್ದಲ್ಲ, ನನ್ನದೇ ಲೆಕ್ಕ.

ಹೊದಳು ಹುರಿದ ಹಾಗೆ ಮೆಲ್ಲಗೆ ಚಟಪಟ ಅಂದರೆ, ಅದೂ ಎಕ್ಸಿಲೇಟರ್ ಬಿಟ್ಟಾಗ ಎರಡು ಮೂರು ಸೆಕೆಂಡ್ ಮಾತ್ರ ಆದರೆ, ತಲೆ ಕೆಡಿಸಿಕೊಳ್ಳುವುದು ಬೇಡ. ಫ್ರೀ ಫ್ಲೋ ಹಾಕಿದ ಮೇಲೆ ಇಷ್ಟು ಇದ್ದೇ ಇರುತ್ತದೆ.

ಮಾಲೆ ಪಟಾಕಿಯ ಹಾಗೆ ಗಾಡಿ ನಿಧಾನ ಆಗುವವರೆಗೂ ಬಿಡದೆ ಹೊಡೆದರೆ ಎಲ್ಲೋ ಗಾಳಿ ನುಗ್ಗುತ್ತಿದೆ, ಇಲ್ಲವೇ ಮಿಶ್ರಣ ತೀರಾ ತೆಳುವಾಗಿದೆ. ನೂರಕ್ಕೆ ಬಹುಪಾಲು ಜನರದ್ದು ಇದೇ ಜಾತಿ. ಈ ಬರಹದ ಹೆಚ್ಚಿನ ಭಾಗವೂ ಇದಕ್ಕೇ.

ನೇಮದ (ಭೂತಕೋಲದ) ರಾತ್ರಿ ಗರ್ನಲ್ ಬಿಟ್ಟ ಹಾಗೆ ಒಂದೇ ಏಟು, ಅದೂ ಎಕ್ಸಿಲೇಟರ್ ಕೊಡುವಾಗಲೇ ಬಂದರೆ ಕಥೆ ಬೇರೆ. ಕರೆಂಟ್ ಕೈ ಕೊಡುತ್ತಿದೆ. ಪ್ಲಗ್ ಕ್ಯಾಪ್ ಸಡಿಲ, ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಹಳತು, ಎಂಜಿನ್ ಆಫ್ ಮಾಡುವ ಕಿಲ್ ಸ್ವಿಚ್ಚಿನೊಳಗೆ ನೀರು, ಹೀಗೆ ಏನಾದರೂ ಇರುತ್ತದೆ. ನಮ್ಮ ಮಳೆಗಾಲದಲ್ಲಿ ಕಿಲ್ ಸ್ವಿಚ್ಚಿಗೆ ನೀರು ಹೋಗುವುದು ಹೊಸ ವಿಷಯವೇನಲ್ಲ. ಅದನ್ನು ಸರಿಮಾಡದೆ ಗಾಡಿ ಓಡಿಸಬೇಡಿ.

ಕೆಲವು ಹುಡುಗರು ಓಡುತ್ತಿರುವಾಗಲೇ ಕಿಲ್ ಸ್ವಿಚ್ ಒತ್ತಿ, ಮತ್ತೆ ಆನ್ ಮಾಡಿ ಬೇಕಂತಲೇ ಗರ್ನಲ್ ಹೊಡೆಸುತ್ತಾರೆ. ಸುಮ್ನೆ ಹೇಳುತ್ತೇನೆ: ಪ್ರತಿ ಏಟಿಗೂ ಸೈಲೆನ್ಸರಿನ ಒಳಗಿನ ವೆಲ್ಡಿಂಗ್ ಬಿರಿಯುತ್ತದೆ, ಶಬ್ದ ಹೀರುವ ಗ್ಲಾಸ್ ವುಲ್ ಚಿಂದಿಯಾಗುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದು ಬೆಂದೇ ಹೋಗುತ್ತದೆ.

ಈಗ ಪರೀಕ್ಷೆ. ಖಾಲಿ ರಸ್ತೆ ಬೇಕು, ಮನೆ ಆಸ್ಪತ್ರೆ ಹತ್ತಿರ ಇರಬಾರದು. ಭಾನುವಾರ ಮಧ್ಯಾಹ್ನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಳರಸ್ತೆ ನನಗೆ ಸರಿಹೋಯಿತು. 10 ನಿಮಿಷ ಓಡಿಸಿ ಎಂಜಿನ್ ಬಿಸಿ ಮಾಡಿ. ಮೂರನೇ ಗೇರಿನಲ್ಲಿ 50 ಕಿಲೋಮೀಟರ್ ಸ್ಪೀಡಿಗೆ ಬಂದು ಎಕ್ಸಿಲೇಟರ್ ಪೂರ್ತಿ ಬಿಡಿ. ಕ್ಲಚ್ ಹಿಡಿಯಬೇಡಿ. ಸ್ಪೀಡ್ 25ಕ್ಕೆ ಇಳಿಯುವವರೆಗೆ ಕೇಳಿಸಿಕೊಳ್ಳಿ. ಜೇಬಿನಲ್ಲಿ ಮೊಬೈಲ್ ರೆಕಾರ್ಡಿಂಗ್ ಆನ್ ಇರಲಿ. ಮುಂದೆ ಏನೇ ಬದಲಿಸಿದರೂ ಇದೇ ರಸ್ತೆ, ಇದೇ ಗೇರು, ಇದೇ ಸ್ಪೀಡು. ಒಂದು ಸಲಕ್ಕೆ ಒಂದೇ ಬದಲಾವಣೆ. ನಾನು ಒಂದೇ ದಿನ ಪ್ಲಗ್ಗೂ ಜೆಟ್ಟೂ ಬದಲಿಸಿ, ಯಾವುದರಿಂದ ಏನಾಯಿತು ಅಂತ ಗೊತ್ತಾಗದೆ ಬೆಪ್ಪನ ಹಾಗೆ ನಿಂತಿದ್ದೆ.

ಹಂತ 1: ಬೆಂಡ್ ಪೈಪಿನ ಬಾಯಿ ನೋಡಿ

ಬೇರೆಲ್ಲ ಓದುವುದಕ್ಕೆ ಪುರುಸೊತ್ತಿಲ್ಲದಿದ್ದರೆ ಇದೊಂದನ್ನಾದರೂ ಓದಿ.

ಎಂಜಿನಿನ ಮೇಲ್ಭಾಗಕ್ಕೆ, ಅಂದರೆ ಹೆಡ್ಡಿಗೆ, ಬೆಂಡ್ ಪೈಪ್ ಸೇರುವಲ್ಲಿ ಒಂದು ಗ್ಯಾಸ್ಕೆಟ್ ಇರುತ್ತದೆ. ಮಗುವಿನ ಬಳೆಯಷ್ಟು ದೊಡ್ಡ ಉಂಗುರ, ತಾಮ್ರದ್ದೋ ತಗಡು ಸುತ್ತಿದ್ದೋ. ನಟ್ ಬಿಗಿ ಮಾಡಿದಾಗ ಅದು ಚಪ್ಪಟೆಯಾಗಿ ಸಂದು ಮುಚ್ಚುತ್ತದೆ. ಒಮ್ಮೆ ಚಪ್ಪಟೆಯಾದದ್ದು ಇನ್ನೊಮ್ಮೆ ಸರಿಯಾಗಿ ಕೂರುವುದಿಲ್ಲ. ಪೈಪ್ ಬಿಚ್ಚಿದಾಗಲೆಲ್ಲ ಹೊಸತು ಹಾಕಬೇಕು.

ಅಲ್ಲಿ ಕೂದಲೆಳೆಯಷ್ಟು ಸಂದು ಇದ್ದರೂ ಸಾಕು. ಹೊಗೆ ಪೈಪಿನಲ್ಲಿ ಒಂದೇ ಸಮ ಹರಿಯುವುದಿಲ್ಲ, ಏಟು ಏಟಾಗಿ ಹೋಗುತ್ತದೆ. ಒಂದು ಏಟು ದಾಟಿದ ಮೇಲೆ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಆ ಕ್ಷಣಕ್ಕೆ ಸಂದಿನಿಂದ ಹೊರಗಿನ ಗಾಳಿ ಒಳಗೆ ಎಳೆಯಲ್ಪಡುತ್ತದೆ. ಸುಡದ ಪೆಟ್ರೋಲಿಗೆ ಬೇಕಾಗಿದ್ದ ಗಾಳಿ ಇದೇ.

ಪತ್ತೆ ಹೀಗೆ. ಎಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ನೋಡಿ. ಹೆಡ್ಡಿನ ಬಳಿ ಮಸಿಯ ಕಪ್ಪು ಗೆರೆ ಇದ್ದರೆ ಅಲ್ಲಿಂದ ಹೊಗೆ ಹೊರಗೆ ಬರುತ್ತಿದೆ. ಆಮೇಲೆ ಬಾಟಲಿಯಲ್ಲಿ ಸಾಬೂನು ನೀರು ಮಾಡಿ ಜೋಡಣೆ ಮೇಲೆಲ್ಲ ಚಿಮುಕಿಸಿ ಗಾಡಿ ಸ್ಟಾರ್ಟ್ ಮಾಡಿ. ಪೈಪ್ ಕಾಯುವ ಮೊದಲೇ, ಅಂದರೆ ಅರ್ಧ ನಿಮಿಷದೊಳಗೆ ಗುಳ್ಳೆ ಬರುತ್ತದಾ ನೋಡಬೇಕು. ಇನ್ನೊಬ್ಬರು ಒದ್ದೆ ಗೋಣಿ ಚೀಲವನ್ನು ಸೈಲೆನ್ಸರಿನ ತುದಿಗೆ ಎರಡು ಸೆಕೆಂಡ್ ಒತ್ತಿ ಹಿಡಿದರೆ ಚುಸ್ ಚುಸ್ ಅಂತ ಸಂದಿನ ಶಬ್ದ ಕೇಳುತ್ತದೆ. ಬರಿಗೈ ಇಡಬೇಡಿ. ಊದುಬತ್ತಿ ಹೊಗೆಯಲ್ಲಿ ನೋಡುವವರೂ ಇದ್ದಾರೆ. ಪೆಟ್ರೋಲ್ ವಾಸನೆ ಸ್ವಲ್ಪ ಇದ್ದರೂ ಅದರ ಸಹವಾಸ ಬೇಡ.

ಇನ್ನೊಂದು ಮಾತು. ಹೊರಗೆ ಜಡಿಮಳೆ ಅಂತ ಗಾಡಿಯನ್ನು ಕೊಟ್ಟಿಗೆಯೊಳಗೋ ಮುಚ್ಚಿದ ಶೆಡ್ಡಿನೊಳಗೋ ನಿಲ್ಲಿಸಿ ಸ್ಟಾರ್ಟ್ ಮಾಡಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ತಲೆ ತಿರುಗುವ ಹೊತ್ತಿಗೆ ತಡವಾಗಿರುತ್ತದೆ.

ನನ್ನ ಕಥೆ ಇಲ್ಲೇ ಇರುವುದು. ಒಂದೂವರೆ ತಿಂಗಳು ಸೋತು, ಹಳೇ ಸೈಲೆನ್ಸರನ್ನೇ ವಾಪಸ್ ಹಾಕುವ ಅಂತ ಅಟ್ಟ ಹತ್ತಿದೆ. ಬೆಂಡ್ ಪೈಪ್ ಸಮೇತ ಬದಲಿಸಿದ್ದರಿಂದ ಹಳೆಯದ್ದು ಇಡೀ ಅಲ್ಲೇ ಇತ್ತು. ಇಳಿಸಿ ಅಂಗಳದಲ್ಲಿಟ್ಟು ಧೂಳು ಒರೆಸುವಾಗ ಬಾಯಿಯ ಹತ್ತಿರ ಏನೋ ಬೆರಳಿಗೆ ಸಿಕ್ಕಿತು. ಉಗುರಿನಿಂದ ಕೆರೆದರೆ ತಾಮ್ರದ ಬಣ್ಣ. ಗ್ಯಾಸ್ಕೆಟ್! ಹಳೇ ಪೈಪಿಗೆ ಅಂಟಿಕೊಂಡು ಮನೆಗೆ ಬಂದಿತ್ತು. ಹಾಗಾದರೆ ಗಾಡಿಯಲ್ಲಿ? ಹೊಸ ಪೈಪ್ ಬಿಚ್ಚಿ ನೋಡಿದರೆ ಹೆಡ್ಡಿನ ಬಾಯಿ ಬೋಳು. ಲೋಹಕ್ಕೆ ಲೋಹ ತಾಗಿಸಿ ನಟ್ ಬಿಗಿ ಮಾಡಿದ್ದರು ಅಷ್ಟೇ. ನಾನು ಅಷ್ಟೂ ದಿನ ಜೆಟ್ ಬದಲಿಸುತ್ತಾ ಕೂತಿದ್ದೆ.

ಇದರ ತದ್ವಿರುದ್ಧವೂ ಆಗುತ್ತದೆ. ಹಳೇ ಗ್ಯಾಸ್ಕೆಟ್ ಹೆಡ್ಡಿನೊಳಗೇ ಕಚ್ಚಿಕೊಂಡಿರುತ್ತದೆ, ಅದರ ಮೇಲೆ ಹೊಸತು ಹಾಕುತ್ತಾರೆ. ಎರಡೂ ಸರಿ ಕೂರುವುದಿಲ್ಲ. ಟಾರ್ಚ್ ಬಿಟ್ಟು ಒಳಗೆ ನೋಡಿ, ಹಳತನ್ನು ಕೊಕ್ಕೆಯಿಂದ ಎಳೆದು ತೆಗೆಯಿರಿ.

ಬಿಚ್ಚುವ ಮೊದಲು ಒಂದು ಎಚ್ಚರಿಕೆ. ನಮ್ಮದು ಉಪ್ಪುಗಾಳಿಯ ಊರು. ಮಲ್ಪೆ, ಕಾಪು, ಸುರತ್ಕಲ್, ಪಣಂಬೂರು ಕಡೆ ಎರಡು ಮಳೆಗಾಲ ಕಂಡ ಗಾಡಿಯ ಸ್ಟಡ್ಡುಗಳು (ಹೆಡ್ಡಿನಿಂದ ಹೊರಬಂದ, ನಟ್ ಕೂರುವ ಮರೆಯ ಕಡ್ಡಿಗಳು) ತುಕ್ಕು ಹಿಡಿದು ಕಲ್ಲಾಗಿರುತ್ತವೆ. ಸ್ಪ್ಯಾನರ್ ಹಾಕಿ ಎಳೆದರೆ ನಟ್ ಬರುವುದಿಲ್ಲ, ಸ್ಟಡ್ಡೇ ಮುರಿದು ಹೆಡ್ಡಿನೊಳಗೆ ಉಳಿಯುತ್ತದೆ. ಆಮೇಲೆ ಲೇತ್ ಅಂಗಡಿಯ ದಾರಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ಮತ್ತೊಮ್ಮೆ ಬಿಟ್ಟು, ಸ್ವಲ್ಪ ಬಿಚ್ಚಿ ಸ್ವಲ್ಪ ಬಿಗಿ ಮಾಡಿ, ಹಿಂದೆ ಮುಂದೆ ಆಡಿಸುತ್ತಾ ತೆಗೆಯಿರಿ.

ಕೂರಿಸುವಾಗ ಹೊಸ ಗ್ಯಾಸ್ಕೆಟಿಗೆ ಒಂದು ಚುಕ್ಕೆ ಗ್ರೀಸ್ ಹಚ್ಚಿದರೆ ಬೀಳದೆ ಅಂಟಿಕೊಂಡಿರುತ್ತದೆ. ಆಮೇಲೆ ಆ ಗ್ರೀಸ್ ಉರಿದು ಹೋಗುತ್ತದೆ. ಎಲ್ಲ ನಟ್ಟು, ಕ್ಲ್ಯಾಂಪು, ಹಿಂದಿನ ಬ್ರಾಕೆಟ್ ಮೊದಲು ಸಡಿಲವಾಗಿಯೇ ಹಾಕಿ. ಹೆಡ್ಡಿನ ಎರಡು ನಟ್ಟುಗಳನ್ನು ಅದಕ್ಕೊಂದು ಸುತ್ತು ಇದಕ್ಕೊಂದು ಸುತ್ತು ಅಂತ ಸಮನಾಗಿ ಬಿಗಿ ಮಾಡಿ. ನಂತರ ನಡುವಿನ ಕ್ಲ್ಯಾಂಪ್. ಬ್ರಾಕೆಟ್ ಕೊನೆಗೆ. ಬ್ರಾಕೆಟ್ ಮೊದಲು ಬಿಗಿ ಮಾಡಿದರೆ ಪೈಪ್ ಹೆಡ್ಡಿನಲ್ಲಿ ಸೊಟ್ಟಗೆ ಕೂರುತ್ತದೆ. ಗಾಡಿ ಒಮ್ಮೆ ಕಾದು ತಣಿದ ಮೇಲೆ ನಟ್ ಮತ್ತೊಮ್ಮೆ ನೋಡಿ, ಸ್ವಲ್ಪ ಸಡಿಲ ಆಗಿರುತ್ತದೆ.

ಬೆಂಡ್ ಪೈಪಿಗೂ ಸೈಲೆನ್ಸರಿಗೂ ನಡುವಿನ ಜೋಡಣೆಯಲ್ಲಿ ಲೀಕ್ ಇದ್ದರೆ ಎಕ್ಸಾಸ್ಟ್ ಪೇಸ್ಟ್ ತೆಳುವಾಗಿ ಹಚ್ಚಬಹುದು. ಹಳೇ ಪೈಪಾದರೆ ಅಡಿಭಾಗಕ್ಕೂ ಕೈ ಹಾಕಿ ನೋಡಿ. ನಮ್ಮಲ್ಲಿ ತುಕ್ಕು ಕೆಳಗಿನಿಂದಲೇ ತಿನ್ನುತ್ತಾ ಬರುವುದು. ಸಾಸಿವೆಯಷ್ಟು ತೂತಿದ್ದರೂ ಪಟಾಕಿಗೆ ಸಾಕು.

ಹೊಸ ಸೈಲೆನ್ಸರಿನ ಜೊತೆ ಡಿಬಿ ಕಿಲ್ಲರ್ ಅಂತ ಸಣ್ಣ ನಳಿಗೆ ಬಂದಿರುತ್ತದೆ. ಶಬ್ದ ಬರಲಿ ಅಂತ ತೆಗೆದು ಡಬ್ಬಿಯಲ್ಲಿಟ್ಟಿದ್ದರೆ ವಾಪಸ್ ಹಾಕಿ. ಅರ್ಧ ಪಟಪಟ ಅಲ್ಲೇ ನಿಲ್ಲುವುದುಂಟು.

ಹಂತ 2: ಗಾಳಿ ಒಳಬರುವ ದಾರಿ

ಕಾರ್ಬೊರೇಟರಿಗೂ ಹೆಡ್ಡಿಗೂ ನಡುವೆ ರಬ್ಬರಿನ ತುಂಡು ಇರುತ್ತದೆ. ಅದು ಬಿರಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗಿ ಮಿಶ್ರಣ ತೆಳುವಾಗುತ್ತದೆ. ಗಾಡಿ ಐಡಲಿಂಗಿನಲ್ಲಿರುವಾಗ, ಅಂದರೆ ಎಕ್ಸಿಲೇಟರ್ ಕೊಡದೆ ನಿಂತಲ್ಲೇ ಎಂಜಿನ್ ಓಡುತ್ತಿರುವಾಗ, ಆ ರಬ್ಬರಿನ ಸುತ್ತ ನೀರು ಚಿಮುಕಿಸಿ. ಎಂಜಿನಿನ ದನಿ ಬದಲಾದರೆ ಬಿರುಕು ಅಲ್ಲೇ. ಗ್ಯಾರೇಜಿನಲ್ಲಿ ಇದಕ್ಕೆ ಕಾರ್ಬ್ ಕ್ಲೀನರ್ ಹೊಡೆಯುತ್ತಾರೆ, ಬಿಸಿ ಎಂಜಿನಿನ ಮೇಲೆ ಅದು ಬೆಂಕಿಯ ಆಟ. ನೀರೇ ಸಾಕು.

ಸೈಲೆನ್ಸರಿನ ಜೊತೆ, ಬಾಕ್ಸ್ ಇಲ್ಲದೆ ಹೊರಗೇ ಕೂರುವ ಕೋನ್ ಏರ್ ಫಿಲ್ಟರನ್ನೂ ಹಾಕಿಸಿದ್ದರೆ ಅದನ್ನು ಬಿಚ್ಚಿ ಕಂಪನಿ ಫಿಲ್ಟರ್ ಬಾಕ್ಸ್ ವಾಪಸ್ ಹಾಕಿ ಒಮ್ಮೆ ಓಡಿಸಿ ನೋಡಿ. ಎರಡೂ ಒಟ್ಟಿಗೆ ಇದ್ದರೆ ಕಾರ್ಬೊರೇಟರಿನ ಲೆಕ್ಕವೇ ತಪ್ಪಿಹೋಗುತ್ತದೆ. ನನ್ನನ್ನು ಕೇಳಿದರೆ, ಜೂನ್ ಜುಲೈಯಲ್ಲಿ ಇಲ್ಲಿ ಬೀಳುವ ಮಳೆಗೆ ಬಯಲಲ್ಲಿ ಕೂತ ಫಿಲ್ಟರ್ ಹಾಕಿಸುವುದೇ ಹುಚ್ಚು. ಒದ್ದೆಯಾದ ಫಿಲ್ಟರ್ ಉಸಿರು ಕಟ್ಟಿಸುತ್ತದೆ.

ಹಂತ 3: ಪ್ಲಗ್, ಟ್ಯಾಪೆಟ್

ಇದು ಬೇಗ ಮುಗಿಯುವ ಕೆಲಸ. ಪ್ಲಗ್ ಬಿಚ್ಚಿ ಬಣ್ಣ ನೋಡಿ. ತಿಳಿ ಕಂದು ಸರಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಲೀನ್. ಕಾಡಿಗೆಯ ಹಾಗೆ ಒಣ ಕಪ್ಪು ಇದ್ದರೆ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ರಿಚ್ ಆದರೂ ಪಟಪಟ ಬರುತ್ತದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಪೆಟ್ರೋಲ್ ವಾಸನೆ, ಕಪ್ಪು ಹೊಗೆ, ಇಳಿದ ಮೈಲೇಜ್ ಇದ್ದರೆ ಅದೇ. ಪ್ಲಗ್ ಹಳತಾದರೆ ಹೊಸತು ಹಾಕಿ.

ವಾಲ್ವನ್ನು ಒತ್ತಿ ತೆರೆಯುವ ಟ್ಯಾಪೆಟ್ಟಿನ ಸಂದು ತೀರಾ ಬಿಗಿಯಾದರೆ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಅಳತೆಗೆ, ಎಂಜಿನ್ ತಣ್ಣಗಿರುವಾಗ ಮಾಡಿಸಿ. ಹೈಡ್ರಾಲಿಕ್ ಟ್ಯಾಪೆಟ್ ಇರುವ ಗಾಡಿಗೆ ಈ ಕೆಲಸವೇ ಇಲ್ಲ.

ಹಂತ 4: ಕಾರ್ಬೊರೇಟರ್

ಲೀಕ್ ಇಲ್ಲ ಅಂತ ಖಾತ್ರಿಯಾದ ಮೇಲಷ್ಟೇ ಇಲ್ಲಿಗೆ ಬನ್ನಿ.

ಮೊದಲು ಒಂದು ಪುಕ್ಕಟೆ ಪರೀಕ್ಷೆ. ಅದೇ ಬೈಕಂಪಾಡಿ ರಸ್ತೆಯಲ್ಲಿ ಪೆಟ್ರೋಲ್ ಪಾಲು ಹೆಚ್ಚಿಸುವ ಚೋಕ್ ಅರ್ಧ ಎಳೆದು ಎಕ್ಸಿಲೇಟರ್ ಬಿಟ್ಟು ನೋಡಿ. ಪಟಪಟ ಕಮ್ಮಿಯಾದರೆ ಗಾಡಿಗೆ ಪೆಟ್ರೋಲ್ ಸಾಲುತ್ತಿಲ್ಲ. ಜಾಸ್ತಿಯಾದರೆ ಈಗಲೇ ಹೆಚ್ಚಾಗಿದೆ. ಲೀನ್ ಗಾಡಿಗೆ ಇನ್ನೊಂದು ಗುರುತುಂಟು: ಸಿಗ್ನಲಿನಲ್ಲಿ ಎಕ್ಸಿಲೇಟರ್ ಬಿಟ್ಟರೂ ಎಂಜಿನ್ ಕೂಡಲೇ ಇಳಿಯದೆ ಸ್ವಲ್ಪ ಹೊತ್ತು ಮೇಲೆಯೇ ತೂಗಾಡುತ್ತದೆ.

ಕಾರ್ಬೊರೇಟರಿನಲ್ಲಿ ಪೈಲಟ್ ಜೆಟ್, ಸೂಜಿ, ಮೇನ್ ಜೆಟ್ ಅಂತ ಮೂರು ಮುಖ್ಯ. ಎಕ್ಸಿಲೇಟರ್ ಮುಚ್ಚಿದಾಗಿನಿಂದ ಕಾಲು ಭಾಗ ತೆರೆಯುವವರೆಗೆ ಪೈಲಟ್ ಜೆಟ್ಟಿನದ್ದೇ ಆಡಳಿತ. ನಡುವಿನದ್ದು ಸೂಜಿ. ಮುಕ್ಕಾಲಿನಿಂದ ಮೇಲೆ ಮೇನ್ ಜೆಟ್. ನಮ್ಮ ಪಟಪಟ ಬರುವುದು ಎಕ್ಸಿಲೇಟರ್ ಮುಚ್ಚಿದಾಗ, ಹಾಗಾಗಿ ನೋಡಬೇಕಾದ್ದು ಪೈಲಟ್. ನನಗೆ ಎರಡು ಸಲ ಬದಲಿಸಿ ಕೊಟ್ಟದ್ದು ಮೇನ್ ಜೆಟ್! ಅದು ಬೆಲ್ಲ ಕಮ್ಮಿಯಾದ ಪಾಯಸಕ್ಕೆ ಉಪ್ಪು ಹಾಕಿದ ಹಾಗೆ.

ಜೆಟ್ ಮುಟ್ಟುವ ಮೊದಲು, ಐಡಲಿಂಗಿನ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ. ಇದು ಎರಡು ಬಗೆ, ಇಲ್ಲೇ ಎಲ್ಲರೂ ಎಡವುವುದು. ಸ್ಕ್ರೂ ಕಾರ್ಬೊರೇಟರಿನ ಫಿಲ್ಟರ್ ಕಡೆಗಿದ್ದರೆ ಅದು ಸಾಮಾನ್ಯವಾಗಿ ಏರ್ ಸ್ಕ್ರೂ. ಒಳಗೆ ತಿರುಗಿಸಿದರೆ ಗಾಳಿ ಕಮ್ಮಿ, ಅಂದರೆ ರಿಚ್. ಎಂಜಿನ್ ಕಡೆಗಿದ್ದರೆ ಫ್ಯುಯೆಲ್ ಸ್ಕ್ರೂ. ಅದನ್ನು ಹೊರಗೆ ತಿರುಗಿಸಿದರೆ ರಿಚ್. ಒಂದಕ್ಕೊಂದು ಪೂರ್ತಿ ಉಲ್ಟಾ. ಕೆಲವು ಗಾಡಿಗಳಲ್ಲಿ ಕಂಪನಿಯವರೇ ಸ್ಕ್ರೂ ಮೇಲೆ ಹಿತ್ತಾಳೆಯ ಮುಚ್ಚಳ ಜಡಿದಿರುತ್ತಾರೆ.

ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ. ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸುತ್ತಾ ಎಷ್ಟು ಸುತ್ತು ಅಂತ ಎಣಿಸಿ ಬರೆದಿಡಿ. ತಳ ಮುಟ್ಟಿದ ಕೂಡಲೇ ನಿಲ್ಲಿಸಿ, ಬಲ ಹಾಕಿದರೆ ತುದಿ ಹಾಳಾಗುತ್ತದೆ. ಅಷ್ಟೇ ಸುತ್ತು ವಾಪಸ್ ತೆಗೆದು ಸ್ಟಾರ್ಟ್ ಮಾಡಿ. ಈಗ ರಿಚ್ ಕಡೆಗೆ ಕಾಲು ಸುತ್ತು ತಿರುಗಿಸಿ, 15 ಸೆಕೆಂಡ್ ಕಾಯಿರಿ. ಮತ್ತೆ ಕಾಲು ಸುತ್ತು. ಒಂದು ಜಾಗದಲ್ಲಿ ಐಡಲಿಂಗ್ ತಾನಾಗಿ ಏರಿ ದನಿ ದುಂಡಗಾಗುತ್ತದೆ. ದಾಟಿದರೆ ಮತ್ತೆ ಇಳಿಯುತ್ತದೆ. ಏರಿದ ಜಾಗಕ್ಕೆ ವಾಪಸ್ ತಂದು, ಐಡಲಿಂಗ್ ಸ್ಕ್ರೂವಿನಿಂದ ಮೊದಲಿನ ವೇಗಕ್ಕೆ ಇಳಿಸಿ. ಪಟಪಟ ಇನ್ನೂ ಸ್ವಲ್ಪ ಇದ್ದರೆ ರಿಚ್ ಕಡೆಗೆ ಅರೆಕಾಲು (ಎಂಟನೇ ಒಂದು) ಸುತ್ತು ಸೇರಿಸಬಹುದು.

ಫ್ಯುಯೆಲ್ ಸ್ಕ್ರೂ ಮೂರು ಸುತ್ತಿಗಿಂತ ಹೊರಗೆ ಬಂದರೂ ದನಿ ಏರುತ್ತಲೇ ಇದ್ದರೆ, ಅಥವಾ ಏರ್ ಸ್ಕ್ರೂ ಹೆಚ್ಚುಕಡಿಮೆ ತಳ ಮುಟ್ಟಿದರೂ ಸಾಲದಿದ್ದರೆ, ಆಗ ಪೈಲಟ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿ. ಒಂದೇ ನಂಬರ್. ನನಗೆ ಗ್ಯಾಸ್ಕೆಟ್ ಹಾಕಿದ ಮೇಲೆ ಮುಕ್ಕಾಲು ಸುತ್ತಿನಲ್ಲೇ ಕೆಲಸ ಮುಗಿಯಿತು, ಜೆಟ್ ಬೇಕಾಗಲಿಲ್ಲ. ಆ ಎರಡು ಮೇನ್ ಜೆಟ್ ಇನ್ನೂ ಮೇಜಿನ ಡ್ರಾಯರಿನಲ್ಲಿವೆ.

ಕೆಲವು ಕಾರ್ಬೊರೇಟರುಗಳ ಪಕ್ಕದಲ್ಲಿ ಏರ್ ಕಟ್ ವಾಲ್ವ್ ಅಂತ ಪುಟ್ಟ ರಬ್ಬರ್ ಪೊರೆ ಇರುತ್ತದೆ. ಎಕ್ಸಿಲೇಟರ್ ಬಿಟ್ಟಾಗ ಮಿಶ್ರಣ ದಪ್ಪ ಮಾಡಿ ಪಟಪಟ ತಡೆಯುವುದೇ ಅದರ ಕೆಲಸ. ಹರಿದಿದ್ದರೆ ಸ್ಕ್ರೂ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ.

ಊರಿನ ವಿಷಯವೂ ಒಂದುಂಟು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿನ ಗಾಳಿ ನಮ್ಮದಕ್ಕಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಅಲ್ಲಿ ಕಾರ್ಬೊರೇಟರ್ ಟ್ಯೂನ್ ಮಾಡಿಸಿದ ಗಾಡಿ ಘಾಟಿ ಇಳಿದು ಇಲ್ಲಿಗೆ ಬಂದರೆ ಇಲ್ಲಿನ ದಪ್ಪ ಗಾಳಿಗೆ ತನ್ನಿಂತಾನೇ ಲೀನ್ ಆಗುತ್ತದೆ. ಗೆಳೆಯನೊಬ್ಬ ದಸರಾ ರಜೆಗೆ ಬಂದವನು ಚಾರ್ಮಾಡಿ ಇಳಿಯುವಾಗ ಶುರುವಾದ ಪಟಪಟ ಮಂಗಳೂರಿನಲ್ಲೂ ನಿಲ್ಲಲಿಲ್ಲ ಅಂತ ಹೆದರಿದ್ದ. ಅವನ ಗಾಡಿಯಲ್ಲಿ ಏನೂ ಕೆಟ್ಟಿರಲಿಲ್ಲ. ಇನ್ನೊಂದು, ಇಳಿಜಾರಿನಲ್ಲಿ ಎಂಜಿನ್ ಬ್ರೇಕಿನ ಮೇಲೆಯೇ ಇಳಿಯುವುದರಿಂದ ಶಬ್ದ ಜಾಸ್ತಿ. ಆಗುಂಬೆಯ 14 ತಿರುವಿನಲ್ಲಿ ಕೇಳಿದ್ದನ್ನು ವಾಪಸ್ ಬಂದು ಉಡುಪಿಯ ಸಮತಟ್ಟು ರಸ್ತೆಯಲ್ಲಿ ಮತ್ತೆ ಕೇಳಿ ತೀರ್ಮಾನ ಮಾಡಿ.

ಪೆಟ್ರೋಲೂ ಬದಲಾಗಿದೆ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆತದ್ದು. ಬರೀ ಪೆಟ್ರೋಲ್ ಸರಿಯಾಗಿ ಸುಡಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಹಳೇ ಕಾರ್ಬೊರೇಟರಿಗೆ ಇದು ಗೊತ್ತಿಲ್ಲ, ಮೊದಲಿನಷ್ಟೇ ಹಾಕುತ್ತದೆ. ಆದ್ದರಿಂದ ಹಳೇ ಗಾಡಿ ಸೈಲೆನ್ಸರ್ ಬದಲಿಸುವ ಮೊದಲೇ ಒಂದು ಚೂರು ಲೀನ್ ಆಗಿರುತ್ತದೆ. ಎಥನಾಲ್ ತೇವವನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲ ಪೂರ್ತಿ ನಿಲ್ಲಿಸಿಟ್ಟ ಗಾಡಿಯಾದರೆ ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ ಆಮೇಲೆ ಟ್ಯೂನಿಂಗ್.

ಹಂತ 5: ಎಕ್ಸಾಸ್ಟಿಗೆ ಗಾಳಿ ಊದುವ ಪೈಪು

ಹಲವು ಗಾಡಿಗಳಲ್ಲಿ ಫಿಲ್ಟರ್ ಬಾಕ್ಸಿನಿಂದ ಹೆಡ್ಡಿನ ಎಕ್ಸಾಸ್ಟ್ ಕಡೆಗೆ ಒಂದು ರಬ್ಬರ್ ಪೈಪ್ ಹೋಗುತ್ತದೆ. ಸುಡದ ಹೊಗೆಗೆ ಹೊಸ ಗಾಳಿ ಕೊಟ್ಟು ಅಲ್ಲೇ ಸುಟ್ಟು ಮುಗಿಸುವುದು ಅದರ ಕೆಲಸ, ಮಾಲಿನ್ಯ ಕಮ್ಮಿ ಮಾಡಲು. ಕಂಪನಿ ಸೈಲೆನ್ಸರಿನಲ್ಲಿ ಗೊತ್ತೇ ಆಗುವುದಿಲ್ಲ. ಫ್ರೀ ಫ್ಲೋ ಹಾಕಿದರೆ ಅದೇ ಪಟಾಕಿಗೆ ಬತ್ತಿ. ಈ ಗಾಳಿಯನ್ನು ಬೇಕಾದಾಗ ತಡೆಯುವ ವ್ಯಾಕ್ಯೂಮ್ ಪೈಪ್ ಬಿರಿದಿದ್ದರೆ ಬೇಡದ ಹೊತ್ತಿನಲ್ಲೂ ಗಾಳಿ ಊದುತ್ತದೆ, ಮೊದಲು ಅದನ್ನು ನೋಡಿ.

ಪತ್ತೆಗಾಗಿ ಪೈಪನ್ನು ಒಂದು ಸುತ್ತು ಹೋಗಿ ಬರುವಷ್ಟು ಹೊತ್ತು ಮುಚ್ಚಿ ನೋಡಬಹುದು. ಪಟಪಟ ನಿಂತರೆ ಕಾರಣ ಗೊತ್ತಾಯಿತು. ಆಮೇಲೆ ವಾಪಸ್ ಹಾಕಿ. ಕಾಯಂ ಮುಚ್ಚುವವರು ಬೇಕಾದಷ್ಟು ಜನ ಇದ್ದಾರೆ, ನಾನು ಹೇಳುವುದಿಲ್ಲ. ಅದು ಹೊಗೆ ಶುದ್ಧ ಮಾಡುವ ಭಾಗ, ತೆಗೆದರೆ ಎಮಿಷನ್ ಟೆಸ್ಟಿನಲ್ಲಿ ಸಿಕ್ಕಿಬೀಳಬಹುದು.

ಎಫ್‌ಐ ಗಾಡಿಯವರಿಗೆ

2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಗಾಡಿಗಳು ಫ್ಯುಯೆಲ್ ಇಂಜೆಕ್ಷನ್ (ಎಫ್‌ಐ), ಕಾರ್ಬೊರೇಟರ್ ಇಲ್ಲ. ತಿರುಗಿಸಲು ಸ್ಕ್ರೂ ಇಲ್ಲ. ಲೀಕಿನ ಹಂತ ಮಾತ್ರ ಇವರಿಗೆ ಇನ್ನೂ ಮುಖ್ಯ. ಎಕ್ಸಾಸ್ಟಿನಲ್ಲಿ ಆಕ್ಸಿಜನ್ ಸೆನ್ಸರ್ ಕೂತಿರುತ್ತದೆ. ಅದರ ಮೊದಲು ಲೀಕ್ ಇದ್ದರೆ ಹೊರಗಿನ ಗಾಳಿಯನ್ನು ನೋಡಿ, ಗಾಡಿ ಲೀನ್ ಆಗಿದೆ ಅಂತ ಇಸಿಯುಗೆ, ಅಂದರೆ ಎಂಜಿನಿನ ಕಂಪ್ಯೂಟರಿಗೆ, ಸುಳ್ಳು ಸುದ್ದಿ ಕೊಡುತ್ತದೆ. ಇಸಿಯು ನಂಬಿ ಪೆಟ್ರೋಲ್ ಸುರಿಯುತ್ತದೆ. ಪಟಪಟವೂ ಉಂಟು, ಮೈಲೇಜೂ ಹೋಯಿತು.

ಹಿಂದಿನ ತುಂಡು ಮಾತ್ರ ಬದಲಿಸಿದ್ದರೆ ಸಾಮಾನ್ಯವಾಗಿ ಇಸಿಯು ಹೊಂದಿಸಿಕೊಳ್ಳುತ್ತದೆ. ಬೆಂಡ್ ಪೈಪ್, ಕ್ಯಾಟಲಿಟಿಕ್ ಕನ್ವರ್ಟರ್ ಸಮೇತ ಕಿತ್ತು ಹಾಕಿದ್ದರೆ ಹೊಂದಿಸುವ ಮಿತಿ ದಾಟಿರುತ್ತದೆ. ಸೆನ್ಸರಿನ ವೈರ್ ಕತ್ತರಿಸಿ ಜೋಡಿಸುವ ಅಗ್ಗದ ಡಬ್ಬಿಗಳಿಗೆ ದುಡ್ಡು ಹಾಕಬೇಡಿ. ಹಳದಿ ಎಂಜಿನ್ ಲೈಟ್ ಹೊತ್ತಿದ್ದರೆ ಸ್ಕ್ಯಾನರ್ ಹಾಕಿಸಿ ಕೋಡ್ ಓದಿಸಿ, ಊಹೆ ಬೇಡ.

ಪೊಲೀಸರ ಕಿವಿ

ಪಟಪಟ ನಿಂತ ಮಾತ್ರಕ್ಕೆ ಸೈಲೆನ್ಸರ್ ಕಾನೂನಿಗೆ ಸರಿ ಅಂತ ಅಲ್ಲ. ಕಂಪನಿಯಿಂದ ಹೊರಬರುವಾಗ 175 ಸಿಸಿಗಿಂತ ದೊಡ್ಡ ಬೈಕಿಗೆ 80 ಡೆಸಿಬಲ್, 80ರಿಂದ 175 ಸಿಸಿಯದ್ದಕ್ಕೆ 77 ಡೆಸಿಬಲ್ ಮಿತಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಶಬ್ದ, ಹೊಗೆಯ ನಿಯಮ ಮುರಿದರೆ 190(2) ಸೆಕ್ಷನ್ ಪ್ರಕಾರ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲೂ ಇರಬಹುದು, ಲೈಸೆನ್ಸೂ ಅಮಾನತಾಗಬಹುದು. ಅನುಮತಿ ಇಲ್ಲದೆ ಗಾಡಿ ಬದಲಾಯಿಸಿದ್ದಕ್ಕೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ಬೇರೆ.

ನಾನೇನು ಮಾಡಿದೆ ಅಂದರೆ, ಡಿಬಿ ಕಿಲ್ಲರ್ ಹಾಕಿಯೂ ಶಬ್ದ ಜಾಸ್ತಿಯೇ ಅನ್ನಿಸಿತು. ಪಕ್ಕದ ಮನೆಯಲ್ಲಿ ಬಾಣಂತಿ ಇದ್ದರು. ಒಂದು ಭಾನುವಾರ ಕಂಪನಿ ಸೈಲೆನ್ಸರನ್ನೇ ವಾಪಸ್ ಹಾಕಿದೆ, ಈ ಸಲ ಹೊಸ ಗ್ಯಾಸ್ಕೆಟ್ ಸಮೇತ. ಫ್ರೀ ಫ್ಲೋ ಈಗ ಅಟ್ಟದಲ್ಲಿದೆ.

ನೀವೂ ಕಂಪನಿ ಸೈಲೆನ್ಸರನ್ನು ಗುಜರಿಗೆ ಹಾಕಬೇಡಿ. ಗಾಡಿ ಮಾರುವಾಗ ಬೇಕು, ಪೊಲೀಸರು ಹಿಡಿದ ಮರುದಿನವೂ ಬೇಕು. ಒಳಗಿನ ನೀರು ಬಸಿದು, ಹೊರಗೆ ತೆಳುವಾಗಿ ಎಣ್ಣೆ ಸವರಿ, ಎರಡೂ ಬಾಯಿಗೆ ಬಟ್ಟೆ ತುರುಕಿ ಎತ್ತಿಡಿ. ನಾನು ಬಟ್ಟೆ ತುರುಕಿರಲಿಲ್ಲ. ವಾಪಸ್ ಹಾಕುವ ದಿನ ಟಾರ್ಚ್ ಬಿಟ್ಟು ನೋಡಿದರೆ ಬಾಲದ ತುದಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ, ಬಾಯಿ ಮುಚ್ಚಿ, ಸಂಸಾರ ಮುಗಿಸಿ ಹೋಗಿತ್ತು. ತೆಂಗಿನ ಗರಿಯ ಕಡ್ಡಿಯಿಂದ ಅರ್ಧ ಗಂಟೆ ಕೆದಕಬೇಕಾಯಿತು.